ಸಂಡಿಗೆ ಸೀರೆಯ ಕೆಳಗೆ ಹವಳ

ಕಾಲೇಜಿನ ಜಾಡಿಯಲ್ಲಿದ್ದ ಮೂಳೆಯಂಥ ಬಿಳಿ ಹವಳವನ್ನು ನೋಡಿ ಚಿತ್ರ ಬರೆದು ನಾನು ಬಿ.ಎಸ್ಸಿ. ಪಾಸು ಮಾಡಿದವಳು. ಅಮೃತೂರು ಕಡೆಯ ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ಕಂಡವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಕಷ್ಟಪಟ್ಟಿದ್ದೇನೆ. ಆದರೆ ಜೀವ ಇರುವ ಹವಳವನ್ನೇ ನೋಡದೆ ಪ್ರಾಣಿಶಾಸ್ತ್ರ ಓದಿದ ಕೊರಗು ಉಳಿದಿತ್ತು. ತುಮಕೂರಿನಲ್ಲಿ ಹೈಸ್ಕೂಲು ಕೆಲಸ ಸಿಕ್ಕಿ, ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ಅವ್ವನನ್ನು ಕರೆತಂದ ಮೇಲೆ, ಬೆಂಗಳೂರಿನ ಮೀನಿನಂಗಡಿಯಿಂದ ಹೆಬ್ಬೆರಳು ಗಾತ್ರದ ಹವಳವೊಂದನ್ನು ತಂದೇಬಿಟ್ಟೆ.

ಅದಕ್ಕೆ ಬೇಕಾದ ಬೆಳಕಿಗೆಂದು ದುಬಾರಿ ದೀಪ ಕೊಳ್ಳಲಿಲ್ಲ. ನಮ್ಮ ನಡುಮನೆಯ ಚಾವಣಿಗೆ ಗಾಜು ಹಾಕಿದ ಬೆಳಕಿಂಡಿ ಇತ್ತು. ಅದರ ಕೆಳಗೇ ಉಪ್ಪುನೀರಿನ ತೊಟ್ಟಿ ಇಟ್ಟೆ, ನೀರು ಕಾಯದಿರಲಿ ಎಂದು ಪುಟ್ಟ ಫ್ಯಾನು ಕಟ್ಟಿದೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಆ ಪಾಚಿ ಬಿಸಿಲಲ್ಲಿ ಅಡುಗೆ ಮಾಡಿ ಹವಳಕ್ಕೆ ಬಡಿಸುತ್ತದೆ. ಬಿಸಿಲು ಬಿದ್ದೊಡನೆ ಹವಳ ಹಸಿರು ಬಾಯಿಗಳನ್ನು ಒಂದೊಂದಾಗಿ ತೆರೆಯುವುದನ್ನು ನೋಡಿ ನಾನು ನಡುಮನೆಯಲ್ಲೇ ಕುಣಿದಿದ್ದೆ.

ಬೇಸಿಗೆಯಲ್ಲಿ ಹಗಲೆಲ್ಲ ನನಗೆ ಮೌಲ್ಯಮಾಪನದ ಡ್ಯೂಟಿ. ಸಂಜೆ ಬಂದು ನೋಡಿದರೆ ಹವಳ ಮುದುಡಿ ಕೂತಿರುತ್ತಿತ್ತು. ದಿನದಿಂದ ದಿನಕ್ಕೆ ಬಣ್ಣ ಇಳಿಯತೊಡಗಿತು. ನೀರು ಬದಲಿಸಿದೆ, ಉಪ್ಪು ಅಳೆದೆ. ಇದೂ ಜಾಡಿಯ ಮೂಳೆಯೇ ಆಗುತ್ತದೆ ಅನ್ನಿಸಿತು.

"ಕಲ್ಲಿಗೂ ಜ್ವರ ಬತ್ತದೇನೇ?" ಅಂದಳು ಅವ್ವ.

ಭಾನುವಾರ ಮನೆಯಲ್ಲಿದ್ದೆ. ಬಿಸಿಲು ಏರುವ ಹೊತ್ತಿಗೆ ನಡುಮನೆ ಕತ್ತಲಾಯಿತು. ತಲೆಯೆತ್ತಿದರೆ ಬೆಳಕಿಂಡಿಯ ತುಂಬ ದೊಡ್ಡ ದೊಡ್ಡ ಗುಲಾಬಿ ಹೂ! ಮಾಳಿಗೆಗೆ ಓಡಿದೆ. ಪಕ್ಕದ ಮನೆಯಲ್ಲೇ ಇದ್ದ ನಮ್ಮ ಓನರಮ್ಮ ಗಾಜಿನ ಮೇಲೆ ಹೂವಿನ ಹಳೇ ಸೀರೆ ಹಾಸಿ ಸಂಡಿಗೆ ಒತ್ತುತ್ತಿದ್ದರು. ಪಕ್ಕದಲ್ಲಿ ಹಿಟ್ಟಿನ ಪಾತ್ರೆ ಹಿಡಿದು ಕೂತವಳು ನನ್ನ ಅವ್ವ!

"ಗಾಜು ಚೆನ್ನಾಗ್ ಕಾದಿರ್ತದೆ ಕಣೇ, ಬಿರ್ನೆ ಒಣಗ್ತವೆ. ನಾನೇ ಹೇಳ್ಕೊಟ್ಟೆ, ಈಗ ದಿನಾ ಇಲ್ಲೇ ಹಾಕ್ತೀವಿ," ಅಂದಳು ಅವ್ವ, ಹೆಮ್ಮೆಯಿಂದ.

"ಆಂಟಿ, ಸೀರೆ ತೆಗೀರಿ. ಬಿಸ್ಲಿಲ್ದೆ ನನ್ನ ಹವಳ ಸಾಯ್ತಾ ಇದೆ."

"ನಾನು ಬಾಡ್ಗೆಗೆ ಕೊಟ್ಟಿರೋದು ಮನೇನ ಟೀಚರಮ್ಮ, ಸೂರ್ಯನ್ನಲ್ಲ," ಅಂದರು ಓನರಮ್ಮ.

"ಅದು ಕಲ್ಲಲ್ಲ ಆಂಟಿ, ಪ್ರಾಣಿ. ಹೊಟ್ಟೆ ಹಸ್ಕೊಂಡದೆ."

ಓನರಮ್ಮನ ಕೈ ನಿಂತಿತು. "ಹಸ್ಕೊಂಡದಾ? ಮೊದ್ಲೇ ಬೊಗಳಬಾರ್ದಾ! ಹಿಡ್ಕಳ್ರೇ ಆ ತುದಿಯ!"

ಮೂವರೂ ಸೀರೆಯ ಅಂಚು ಹಿಡಿದು ಏಡಿಗಳ ಹಾಗೆ ಅಡ್ಡಡ್ಡ ನಡೆದೆವು. ಹಸಿ ಸಂಡಿಗೆಗಳೆಲ್ಲ ಜಾರಿ ಮಧ್ಯಕ್ಕೆ ಬಂದು ಒಂದೇ ಮುದ್ದೆಯಾದವು. ಅವ್ವನಿಗೆ ನಗು ತಡೆಯಲಾಗಲಿಲ್ಲ. ಅವಳನ್ನು ನೋಡಿ ನಮಗೂ. ನಗುತ್ತಲೇ ಸೀರೆಯನ್ನು ಅತ್ತ ಹಾಸಿ ಕೆಳಗಿಳಿದು ಬಂದು ತೊಟ್ಟಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆವು.

ಬಿಸಿಲು ನೀರಿಗಿಳಿದಿತ್ತು. ಹವಳ ಮಾತ್ರ ಅಲ್ಲಾಡಲಿಲ್ಲ. ಕಾಫಿ ಕುಡಿದೆವು. ಆಮೇಲೆ ಅಂಚಿನಲ್ಲಿ ಒಂದು ಹಸಿರು ಬಾಯಿ ಮೆಲ್ಲಗೆ ಬಿಚ್ಚಿತು.

"ಅಯ್ಯೋ ನಮ್ಮಪ್ಪನೇ!" ಓನರಮ್ಮ ನನ್ನ ತೊಡೆ ಹಿಂಡಿದರು.

ಮೇಲೆ ಕಾಗೆಗಳ ಗಲಾಟೆ ಶುರುವಾಯಿತು. "ಸಂಡಿಗೆ!" ಎಂದು ಅವ್ವ ಎದ್ದಳು.

ಓನರಮ್ಮ ಅವಳ ಸೆರಗು ಹಿಡಿದು ಕೂರಿಸಿದರು. "ತಿನ್ಲಿ ಬುಡವ್ವ. ಅಲ್ನೋಡು, ಇನ್ನೊಂದು ಬಾಯ್ ಬುಡ್ತಾ ಅದೆ!"