ಬದು ದಾಟಿದ ಚರಗ

ಅಧ್ಯಾತ್ಮವೆಂದರೆ ಕೂದಲು ನರೆತ ಮೇಲೆ ಮಠದ ಕಂಬಕ್ಕೆ ಒರಗಿ ಕೂತು ಕೇಳುವುದು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಾನು ಅದನ್ನು ಕಂಡದ್ದು ಜೋಳದ ಹೊಲದಲ್ಲಿ, ಅದೂ ನಮ್ಮಪ್ಪನಂಥ ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡವನಲ್ಲಿ.

ಎಪ್ಪತ್ತರ ದಶಕದ ನಡುವಿನ ಮಾತು. ಟಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಗೆ ನಮ್ಮ ಹೊಲ. ಆ ವರ್ಷ ಅಪ್ಪ ಮತ್ತು ಕಾಕಾ ವಿಜಾಪುರದ ಕೋರ್ಟಿಗೆ ಅಲೆದು ಅದನ್ನು ಎರಡು ಪಾಲು ಮಾಡಿಕೊಂಡಿದ್ದರು. ನಡುವೆ ಹೊಸ ಬದು ಎದ್ದಿತು, ಅಣ್ಣತಮ್ಮಂದಿರ ಮಾತು ನಿಂತಿತು. ಒಂದೇ ಓಣಿಯವರಾದರೂ ಎದುರಾದರೆ ಮುಖ ತಿರುವುತ್ತಿದ್ದರು. ಅಜ್ಜಿಗೆ ಯಾರ ಮನೆಯ ಊಟವೂ ಸೇರದಾಯಿತು. ತಾನು ಕಣ್ಣು ಮುಚ್ಚುವುದರೊಳಗೆ ಮಕ್ಕಳು ಮಾತಾಡಬೇಕು, ಅಷ್ಟೇ ಅವಳ ಆಸೆ.

ಎಳ್ಳ ಅಮಾವಾಸ್ಯೆ ಬಂತು. ಕಡಬು, ಸಜ್ಜೆರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಬಂಡಿ ಹೂಡಿ ಹೋದೆವು. ಭೂಮಿತಾಯಿಗೆ ಪೂಜೆ ಮಾಡಿ, ಉಣ್ಣುವ ಮೊದಲು ಎಡೆಯ ಅಡುಗೆಯನ್ನು ಕಲಸಿ ಹೊಲದ ಸುತ್ತ ಚೆಲ್ಲುವುದು ನಮ್ಮ ಕಡೆಯ ಪದ್ಧತಿ. ಅದೇ ಚರಗ. ಅಪ್ಪ ಬುಟ್ಟಿ ಹಿಡಿದು 'ಹುಲ್ಲುಲ್ಲಿಗೋ' ಎಂದು ಚರಗದ ಕೂಗು ಹಾಕುತ್ತ ಹೊರಟ. ಅಜ್ಜಿಯೂ ನಾನೂ ಹಿಂದೆ. ಹುಡುಗನಾಗಿದ್ದಾಗಿನಿಂದ ಅವನು ತುಳಿದ ದಾರಿ ನೋಡಿ, ಕಾಲು ತನ್ನ ಪಾಡಿಗೆ ತಾನು ನಡೆಯಿತು. ಹೊಸ ಬದು ದಾಟಿ ಕಾಕಾನ ಜೋಳದೊಳಗೆ ಹೊಕ್ಕ ಮೇಲೂ ಚೆಲ್ಲುತ್ತಲೇ ಇದ್ದ!

ನನ್ನ ಬಾಯಿ ಸುಮ್ಮನಿರುವುದೇ?

"ಯಪ್ಪಾ, ಅದು ಕಾಕಾನ ಹೊಲ ಐತಿ!"

"ಸುಮ್ನಿರ ಬೇ," ಎಂದು ಅಜ್ಜಿ ನನ್ನ ತೋಳು ಚಿವುಟಿದಳು.

ಅಪ್ಪ ಗಕ್ಕನೆ ನಿಂತ. ಎದುರಿಗೆ ಕಾಕಾ ನಿಂತಿದ್ದ. ಅಪ್ಪ ಅಲ್ಲಿಂದಲೇ ಹಿಂದಿರುಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ದಾರಿ ತಪ್ಪಿ ಬಂದ ಎಂದುಕೊಳ್ಳುತ್ತಿದ್ದರು. ಅವನು ಬದು ನೋಡಿದ, ತಮ್ಮನನ್ನು ನೋಡಿದ. ಆಮೇಲೆ ಬುಟ್ಟಿಯಿಂದ ಕೈತುಂಬ ತೆಗೆದು ತಮ್ಮನ ಜೋಳದ ಮೇಲೆ ಚೆಲ್ಲಿದ. ಅಲ್ಲಿಯವರೆಗೆ ಚೆಲ್ಲಿದ್ದೆಲ್ಲ ರೂಢಿ. ಈ ಒಂದು ಹಿಡಿ ಮಾತ್ರ ಮೈಮೇಲೆ ಎಚ್ಚರವಿಟ್ಟು ಚೆಲ್ಲಿದ್ದು. ನನಗೆ ತಿಳಿದ ಅಧ್ಯಾತ್ಮ ಇಷ್ಟೇ. ಇದಕ್ಕೆ ಕಾವಿ ಬೇಡ, ಓದು ಬೇಡ. ಸಿಟ್ಟಿನವರಿಗಂತೂ ಬೇಕೇ ಬೇಕು, ಅಪ್ಪನ ಮಗಳಾದ ನನಗೂ.

ಕಾಕಾ ತನ್ನ ಹೊಲದ ಆಚೆಯ ತುದಿಗೆ ಕೈ ತೋರಿಸಿದ.

"ಅಣ್ಣಾ, ಆ ಮೂಲಿ ಉಳದೈತಿ ನೋಡು. ಅಲ್ಲೂ ಚೆಲ್ಲು."