ನಮ್ಮೂರ ಚಪ್ಪಡಿಯ ಕೆಳಗೆ

ಬಿ.ಎಡ್. ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ ಸರ್ಕಾರಿ ಹೈಸ್ಕೂಲು, ಶ್ರೀನಿವಾಸಪುರದಿಂದ ಆಂಧ್ರದ ಗಡಿಯ ಕಡೆಗೆ ಹೋಗುವ ರಸ್ತೆಯ ಒಂದು ಸಣ್ಣ ಊರಿನಲ್ಲಿತ್ತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ವಾರಕ್ಕೊಂದು ಸಂತೆ, ಬಸ್ಸು ನಿಲ್ಲುವ ಕಡೆ ಎರಡು ಹೋಟೆಲು, ಸುತ್ತ ಮಾವಿನ ತೋಪು ಮತ್ತು ರಾಗಿ ಹೊಲ. ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ.

ಆ ಶಾಲೆಯ ಕಟ್ಟಡ ಸರ್ಕಾರದ್ದಲ್ಲ. ಕಟ್ಟಡ ನೀವು ಕೊಡಿ, ಮೇಷ್ಟ್ರುಗಳನ್ನು ನಾವು ಕೊಡುತ್ತೇವೆ ಎಂದು ಹಿಂದೆ ಯಾವಾಗಲೋ ಮೇಲಿನವರು ಹೇಳಿದ್ದರಂತೆ. ಸುತ್ತಲಿನ ಹಳ್ಳಿಗಳವರು ಸೇರಿ ಗೋಡೆ ಎತ್ತಿದರು. ಸೂರಿಗೆ ಹೆಂಚಿನ ಮಾತೇ ಬರಲಿಲ್ಲ. ನಮ್ಮ ಸೀಮೆಯಲ್ಲಿ ನೀರಿಗೆ ಬರವಿರಬಹುದು, ಕಲ್ಲಿಗಿಲ್ಲ. ಬೇಲಿಯ ಕಂಬವೂ ಕಲ್ಲು, ಮನೆಯ ಸೂರೂ ಕಲ್ಲು. ಹತ್ತನೆಯ ತರಗತಿಯ ದೊಡ್ಡ ಕೋಣೆಗೆ ಹಳ್ಳಿಗೊಂದರಂತೆ ಚಪ್ಪಡಿ ಕೊಡುವುದೆಂದು ತೀರ್ಮಾನವಾಯಿತು. ಎತ್ತಿನ ಗಾಡಿಗಳಲ್ಲಿ ಚಪ್ಪಡಿಗಳು ಬಂದವು. ಯಾವುದು ಯಾರದು ಎಂಬುದು ಮುಂದೆಯೂ ತಿಳಿಯಲೆಂದು, ಕೆಳಮುಖಕ್ಕೆ ತಮ್ಮ ತಮ್ಮ ಊರಿನ ಗುರುತು ಕೆತ್ತಿಸಿದರು. ಒಂದರಲ್ಲಿ ನೊಗ, ಒಂದರಲ್ಲಿ ಮೀನು, ಇನ್ನೊಂದರಲ್ಲಿ ರಾಗಿ ತೆನೆ. ಅಂದಿನಿಂದ ಒಂದು ಪದ್ಧತಿ ಬೆಳೆಯಿತು: ಯಾವ ಊರಿನ ಮಕ್ಕಳೋ ಅವರು ತಮ್ಮೂರ ಚಪ್ಪಡಿಯ ಕೆಳಗೇ ಕೂರಬೇಕು. ಯಾವ ಮೇಷ್ಟ್ರೂ ಹೇಳಿಕೊಟ್ಟದ್ದಲ್ಲ. ಎಂಟನೆಯ ತರಗತಿಯಿಂದಲೇ ಮಕ್ಕಳು ಆ ಕೋಣೆಗೆ ಇಣುಕಿ ತಮ್ಮ ಜಾಗ ನೋಡಿಕೊಳ್ಳುತ್ತಿದ್ದರು.

ತೆನೆಯ ಚಪ್ಪಡಿಯ ಕೆಳಗೆ ಆ ವರ್ಷ ಒಬ್ಬಳೇ ಹುಡುಗಿ. ಅವಳ ಊರಿನಿಂದ ಹತ್ತನೆಯ ತರಗತಿಯವರೆಗೆ ಬಂದ ಮೊದಲ ಹೆಣ್ಣುಮಗಳು. ಆ ಚಪ್ಪಡಿಯನ್ನು ಗಾಡಿಯಲ್ಲಿ ತಂದಿದ್ದವನು ಅವಳ ತಾತ. ಮಿಕ್ಕ ಊರಿನವರ ಗುರುತಿಗಿಂತ ತಮ್ಮದು ಎದ್ದು ಕಾಣಬೇಕೆಂದು ಉಳಿ ಹಿಡಿದವನ ಪಕ್ಕದಲ್ಲೇ ನಿಂತು, ತೆನೆಯನ್ನು ಆಳವಾಗಿ ಕೆತ್ತಿಸಿದ್ದನಂತೆ. ಮಳೆ ಬಂದಾಗ ಅಲ್ಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏಯ್ ತೆನೆ, ನಿಮ್ಮೂರ ಬಂಡೆ ಉಚ್ಚೆ ಹೊಯ್ತಾ ಐತೆ ನೋಡೇ!" ಎಂದು ನೊಗದ ಕೆಳಗಿನ ಹುಡುಗನೊಬ್ಬ ಕೂಗುತ್ತಿದ್ದ.

"ನಿಮ್ಮೂರದು ಹುಟ್ಟಿದಾಗ್ಲಿಂದ ಹೊಯ್ತಾ ಐತೆ, ಮುಚ್ಕೊಂಡು ಕೂತ್ಕೊಳೋ," ಎಂದು ಅವಳು ತಲೆಯೆತ್ತದೆ ಬರೆಯುತ್ತಲೇ ಹೇಳುತ್ತಿದ್ದಳು.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎಲ್ಲ ಚಪ್ಪಡಿಗಳೂ ಸೋರುತ್ತಿದ್ದವು. ಸೋರಿದಾಗಲೆಲ್ಲ ಆಯಾ ಊರಿನವರು ಸುಣ್ಣ, ಇಟ್ಟಿಗೆ ಚೂರು ತಂದು ತಮ್ಮ ಚಪ್ಪಡಿಯ ಮೇಲೆ ಇನ್ನೊಂದು ಪದರ ಗಾರೆ ಬಡಿಯುತ್ತಿದ್ದರು. ಹಳೆಯದನ್ನು ಯಾರೂ ಕೆರೆದು ತೆಗೆಯುತ್ತಿರಲಿಲ್ಲ. ವರ್ಷ ವರ್ಷ ಸೇರುತ್ತಾ ಹೋದ ಗಾರೆ ಮೇಲೆ ಮೊಣಕಾಲೆತ್ತರ ಬೆಳೆದಿತ್ತು. ಅದನ್ನು ಊರಿನವರ ಅಭಿಮಾನವೆಂದೇ ಎಲ್ಲರೂ ತಿಳಿದಿದ್ದರು, ಅಭಿಮಾನವೇ ಅದು.

ದಸರಾ ರಜೆ ಮುಗಿದು ಬಂದಾಗ ತೆನೆಯ ಬುಡದಿಂದ ಗೋಡೆಯ ಕಡೆಗೆ ಕೂದಲೆಳೆಯಷ್ಟು ಬಿರುಕು ಓಡಿರುವುದು ನನ್ನ ಕಣ್ಣಿಗೆ ಬಿತ್ತು. ನಾನು ವಿಜ್ಞಾನದ ಮೇಷ್ಟ್ರು. ಡೆಸ್ಕಿನ ಮೇಲೆ ಹತ್ತಿ, ಬಿರುಕಿಗೆ ಅಡ್ಡಲಾಗಿ ತೆಳುವಾದ ಕಾಗದದ ಪಟ್ಟಿ ಅಂಟಿಸಿದೆ. ಬಿರುಕು ಅಗಲವಾದರೆ ಕಾಗದ ಹರಿಯುತ್ತದೆ. ವಾರದೊಳಗೆ ಅದು ಅಂಚಿನಲ್ಲಿ ಸೀಳಿತು.

ಹೆಡ್‌ಮಾಸ್ಟರು ಮೇಲಿನವರಿಗೆ ಬರೆದರು, ಹಳ್ಳಿಗಳ ಹಿರಿಯರನ್ನೂ ಕರೆಸಿದರು. ಶಾಲೆಯ ಅಂಗಳದ ಹುಣಸೆಮರದ ಕೆಳಗೆ ಸಭೆ ಸೇರಿತು. ಚಪ್ಪಡಿ ಇಳಿಸಲೇಬೇಕೆಂದು ನಾನು ವಿವರಿಸಿದೆ. ಹುಡುಗಿಯ ತಾತ ಸಮಾಧಾನವಾಗಿ ಕೇಳಿದ.

"ಮೇಷ್ಟ್ರೇ, ನೀವು ಓದಿದೋರು, ಇಲ್ಲ ಅನ್ನಲ್ಲ. ಕಲ್ಲು ಅಂದ್ಮೇಲೆ ಗೆರೆ ಇರ್ತೈತೆ. ನನ್ ಹಣೇಲಿಲ್ವಾ? ನಾನೇನ್ ಬಿದ್ದೋದ್ನಾ?"

ಎಲ್ಲರೂ ನಕ್ಕರು. ನನಗೂ ನಗು ಬಂತು. ಅಷ್ಟರಲ್ಲಿ ನೊಗದ ಊರಿನ ಹಿರಿಯ, ಒಳ್ಳೆಯ ಮನಸ್ಸಿನಿಂದಲೇ ಇರಬೇಕು, "ತಗ್ಸಿಬಿಡಣ್ಣಾ, ನಮ್ಮೂರಿಂದ ಇನ್ನೊಂದು ಹಾಕ್ತೀವಿ," ಎಂದ. ಮಾತು ಕೆಟ್ಟಿದ್ದೇ ಅಲ್ಲಿ. ತಾತ ಸಿಡಿದೆದ್ದ.

"ನಿಮ್ಮೂರ ಬಂಡೆ ಕೆಳ್ಗೆ ನಮ್ ಹುಡ್ಗಿ ಕೂತ್ಕೋಬೇಕಾ? ನಮ್ಮೂರೇನ್ ಹಾಳಾಗೋಯ್ತಾ?"

ಕೊನೆಗೆ, ರಾಗಿ ಕೊಯ್ಲು ಮುಗಿದ ಮೇಲೆ ತೆನೆಯ ಊರಿನವರೇ ಹೊಸ ಚಪ್ಪಡಿ ತರುವುದೆಂದು ಒಪ್ಪಂದವಾಯಿತು. ನಾನು ಆ ಹುಡುಗಿಯ ಡೆಸ್ಕನ್ನು ಮೀನಿನ ಚಪ್ಪಡಿಯ ಕೆಳಕ್ಕೆ ಎಳೆಸಿದೆ. ಮರುದಿನ ಬೆಳಿಗ್ಗೆ ಅದು ಹಳೆಯ ಜಾಗಕ್ಕೇ ಬಂದಿತ್ತು.

"ಯಾಕಮ್ಮ?"

"ಅದು ಅವರೂರ ಜಾಗ ಸಾರ್. ತಾತ ಬೈತಾರೆ."

ಮತ್ತೆ ಎಳೆಸಿದೆ. ಮತ್ತೆ ಬಂತು. ಆ ಭಾನುವಾರ ತಾತ ಗಾಡಿ ಹೂಡಿಕೊಂಡು ಬಂದು, ಮೊಮ್ಮಗಳ ತಲೆ ನೆನೆಯದಿರಲೆಂದು, ಚಪ್ಪಡಿಯ ಮೇಲೆ ಹೊಸ ಗಾರೆ ಹಾಕಿಸಿ ಹೋಗಿದ್ದ. ಅದು ನನಗೆ ತಿಳಿದದ್ದು ಆಮೇಲೆ.

ನಂತರ ಸೈಕ್ಲೋನ್ ಮಳೆ ಹಿಡಿಯಿತು. ಬಿಡದೆ ಜಿನುಗಿದ ಮಳೆಗೆ ಮೇಲಿನ ಗಾರೆಯೆಲ್ಲ ನೀರು ಕುಡಿದು ಭಾರವಾಯಿತು. ಮಳೆ ಹೊಳವಾದ ಬೆಳಿಗ್ಗೆ ನಾನು ಟೆಸ್ಟ್ ಕೊಟ್ಟಿದ್ದೆ. ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದರು. ಹುಡುಗಿ ತನ್ನ ಹಾಳೆಯ ಮೇಲಿಂದ ಏನನ್ನೋ ಕೈಯಿಂದ ಒರೆಸಿದಳು, ಬರೆದಳು, ಮತ್ತೆ ಒರೆಸಿದಳು. ಸುಣ್ಣದ ಪುಡಿ. ನಾನು ತಲೆಯೆತ್ತಿದೆ. ಕಾಗದದ ಪಟ್ಟಿ ಪೂರ್ತಿ ಹರಿದು ಎರಡು ತುಂಡಾಗಿ ಜೋತಾಡುತ್ತಿತ್ತು.

"ಆಚೆ ಓಡಿ! ಎಲ್ಲಾರೂ ಆಚೆ!"

ಮಕ್ಕಳು ಬಾಗಿಲಿಗೆ ನುಗ್ಗಿದರು. ಅವಳೂ ಎದ್ದಳು. ಎದ್ದು ನಡುದಾರಿಗೆ ಒಂದು ಕಾಲಿಟ್ಟವಳು, ಏನು ನೆನಪಾಯಿತೋ, ತಿರುಗಿ ಡೆಸ್ಕಿನ ಕೆಳಕ್ಕೆ ಬಗ್ಗಿದಳು. ಅಲ್ಲಿ ಅವಳ ಜಾಮಿಟ್ರಿ ಬಾಕ್ಸಿತ್ತು. "ಬಿಡೇ ಅದನ್ನ, ಬಾರೇ!" ಎಂದು ನಾನು ಕಿರುಚಿದ್ದು ಮುಗಿಯುವ ಮೊದಲೇ ಚಪ್ಪಡಿ ತೆನೆಯ ಬಳಿ ಮುರಿಯಿತು. ಒಂದು ತುಂಡು ಅವಳು ಕಾಲಿಟ್ಟಿದ್ದ ನಡುದಾರಿಗೆ ಮಟ್ಟಸವಾಗಿ ಬಿತ್ತು. ಇನ್ನೊಂದು ಗೋಡೆಗೆ ಒರಗಿ, ಡೆಸ್ಕಿನ ಮೇಲೆ ವಾಲಿ ನಿಂತಿತು. ಆಮೇಲೆ ಒದ್ದೆ ಗಾರೆ ಸುರಿಯಿತು.

ಇದನ್ನೇ ನಾನು ಇಂದಿಗೂ ನೋಡುತ್ತಿರುವುದು. ಅವಳು ನನ್ನ ಮಾತು ಕೇಳಿ ಓಡಿದ್ದರೆ ನಡುದಾರಿಯಲ್ಲಿರುತ್ತಿದ್ದಳು. ನಾನು ಕೂಗದೇ ಇದ್ದಿದ್ದರೆ ಬೆಂಚಿನ ಮೇಲೆ ನೆಟ್ಟಗೆ ಕುಳಿತಿರುತ್ತಿದ್ದಳು. ಬಗ್ಗಿದ್ದರಿಂದ ಬದುಕಿದಳು. ಬಗ್ಗಬೇಡವೆಂದು ಕಿರುಚುತ್ತಿದ್ದವನು ನಾನು. ಕನಸಿನಲ್ಲಿ ಒಮ್ಮೊಮ್ಮೆ ಅವಳು ನನ್ನ ಮಾತು ಕೇಳುತ್ತಾಳೆ.

ದೂಳಿನೊಳಕ್ಕೆ ತೆವಳಿ ಹೋದೆ. ಡೆಸ್ಕಿನ ಹಲಗೆ ಕಿರುಗುಟ್ಟುತ್ತಿತ್ತು. ಪಕ್ಕದ ಚಪ್ಪಡಿಗಳಿಂದ ಮಣ್ಣು ಉದುರುತ್ತಲೇ ಇತ್ತು. ಕೈ ಚಾಚಿದಾಗ ಅವಳ ಬೆರಳು ಸಿಕ್ಕಿತು.

"ಸಾರ್, ನನ್ ಕಾಲ್ ಐತಾ?"

"ಐತೆ ಕಣಮ್ಮ."

"ನೋಡಿ ಹೇಳಿ ಸಾರ್."

ನನಗೆ ಕಾಣಿಸುತ್ತಿರಲಿಲ್ಲ. "ನೋಡಿದೆ, ಐತೆ," ಎಂದೆ.

ಅಂದು ಸಂತೆಯ ದಿನ. ಸಂತೆಯಿಂದ ಗಂಡಸರು ಹಾರೆ, ಗಾಡಿಯ ನೊಗ, ಸಿಕ್ಕಿದ್ದನ್ನೆಲ್ಲ ಹಿಡಿದು ಓಡಿಬಂದರು. ಬಾಗಿಲಿಗೆ ಬಂದವರು ಸೂರು ನೋಡಿ ಅಲ್ಲೇ ನಿಂತರು. ಒಳಗೆ ಬಂದರೆ ಮಿಕ್ಕದ್ದೂ ಬೀಳಬಹುದು. ಹುಡುಗಿಯ ತಾತ ಮಾತ್ರ ನಿಲ್ಲಲಿಲ್ಲ. ಅವನ ಹಿಂದೆ ನೊಗದ ಊರಿನ ಹಿರಿಯ, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಹಾರೆ ಕೊಟ್ಟು ಕಲ್ಲನ್ನು ಎಬ್ಬಿಸಿದರು. ಬೆರಳು ತೂರುವಷ್ಟು ಎದ್ದಿತು, ಮತ್ತೆ ಕುಸಿಯಿತು, ಮತ್ತೆ ಎದ್ದಿತು. ತಾತ ನೆಲದ ಮೇಲೆ ಮಲಗಿ ಎರಡೂ ತೋಳು ಒಳಕ್ಕೆ ಚಾಚಿ, ಬಾ ಬಾ ಎಂದು ತೆಲುಗಿನಲ್ಲಿ ಕರೆಯುತ್ತಿದ್ದ.

"ದಾ ಅಮ್ಮಾ, ದಾ... ದಾ ನನ್ ತಾಯಿ..."

ಅವಳು ಬಂದಳು. ಎಡಪಾದ ಜಜ್ಜಿಹೋಗಿತ್ತು. ಬಾಳೆಕಾಯಿ ತಂದಿದ್ದ ವ್ಯಾನಿನಲ್ಲಿ ಅವಳನ್ನು ಮಲಗಿಸಿ ಕೋಲಾರದ ಆಸ್ಪತ್ರೆಗೆ ಕರೆದೊಯ್ದರು. ಪಾದ ಉಳಿಯಿತು, ಎರಡು ಬೆರಳು ಉಳಿಯಲಿಲ್ಲ.

ಮರುದಿನ ಯಾರೂ ಹೇಳಿಕಳಿಸದೆಯೇ ಎಲ್ಲ ಹಳ್ಳಿಗಳವರೂ ಬಂದರು. ಗಾರೆ ಕೆರೆದು, ಹಗ್ಗ ಬಿಗಿದು, ತಮ್ಮ ತಮ್ಮ ಚಪ್ಪಡಿಗಳನ್ನು ತಾವೇ ಇಳಿಸಿದರು. ಚಪ್ಪಡಿಗಳನ್ನು ಹುಣಸೆಮರದ ಸುತ್ತ ಗುರುತು ಮೇಲಾಗಿ ಮಲಗಿಸಿದರು. ಹೊಸ ಸೂರು ಬರುವವರೆಗೆ ಪಾಠ ಅಲ್ಲೇ ಎಂದು ಹೆಡ್‌ಮಾಸ್ಟರು ಹೇಳಿದರು. ಮಕ್ಕಳು ಬಂದು ನೋಡಿದರು. ನೊಗದವರು ನೊಗದ ಮೇಲೆ ಕೂತರು, ಮೀನಿನವರು ಮೀನಿನ ಮೇಲೆ.

ಆ ಹುಡುಗಿ ಇನ್ನು ಶಾಲೆಗೆ ಬರುವುದಿಲ್ಲವೆಂದು ಸುದ್ದಿಯಿತ್ತು. ಹೆಣ್ಣುಮಗಳನ್ನು ಓದಿಸಲು ಹೋಗಿ ಕಾಲು ಮುರಿಸಿದ ಎಂದು ಅವರ ಊರಿನಲ್ಲಿ ಮುದುಕನನ್ನು ಆಡಿಕೊಳ್ಳುತ್ತಿದ್ದರಂತೆ. ನಾನು ಎರಡು ಬಾರಿ ಅವರ ಮನೆಗೆ ಹೋಗಿದ್ದೆ. ಅವನು ಮಜ್ಜಿಗೆ ಕೊಟ್ಟ, ನನ್ನ ಮುಖ ನೋಡಲಿಲ್ಲ.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಪಾಠ ನಡೆಯುತ್ತಿದ್ದಾಗ ಗೇಟಿನ ಬಳಿ ಗಾಡಿ ನಿಂತಿತು. ತಾತ ಮೊಮ್ಮಗಳನ್ನು ಇಳಿಸಿ, ತೋಳು ಹಿಡಿದು ನಡೆಸಿಕೊಂಡು ಬಂದ. ಹುಡುಗಿ ಚಪ್ಪಡಿಗಳನ್ನು ಒಂದೊಂದಾಗಿ ನೋಡಿದಳು. ಅವಳೂರಿನದು ಅಲ್ಲಿರಲಿಲ್ಲ.

ಮುದುಕ ಅವಳನ್ನು ನೊಗದ ಚಪ್ಪಡಿಯ ಬಳಿಗೆ ಕರೆತಂದ.

"ವಸಿ ಜರುಗ್ರಪ್ಪಾ," ಎಂದ.

ಹುಡುಗರು ಸರಿದರು. ಅವಳನ್ನು ಕೂರಿಸಿ, ಬ್ಯಾಂಡೇಜಿನ ಕಾಲನ್ನು ತಾನೇ ನೀಟಾಗಿ ಚಾಚಿಟ್ಟು, ತಲೆಯ ಟವೆಲು ತೆಗೆದು ಮಡಿಸಿ ಹಿಮ್ಮಡಿಯ ಕೆಳಗೆ ಒತ್ತಿದ. ಆಮೇಲೆ ನನ್ನ ಕಡೆ ತಿರುಗಿ, "ಹೇಳಿ ಮೇಷ್ಟ್ರೇ, ಪಾಠ ಹೇಳಿ," ಎಂದು ಬರಿದಲೆಯಲ್ಲಿ ಗಾಡಿಯ ಕಡೆ ನಡೆದ.

ನಾನು ಪಾಠ ಮುಂದುವರಿಸಿದೆ. ಮೇಲೆ ಹುಣಸೆ ಕೊಂಬೆಗಳಾಚೆ ಆಕಾಶವಷ್ಟೇ ಇತ್ತು. ಆದರೂ ನಾಲ್ಕು ಮಾತಿಗೊಮ್ಮೆ ನನ್ನ ಕಣ್ಣು ಅವಳ ತಲೆಯ ಮೇಲಕ್ಕೆ ಹೋಗಿ ಬರುತ್ತಿತ್ತು. ಅವಳು ಬರೆದುಕೊಳ್ಳುತ್ತಿದ್ದಳು.