ಸದ್ದು ಮಾಡುವ ಫ್ಲ್ಯಾಷರ್

ನಮ್ಮ ಹಳೆಯ ಕಾರನ್ನು ಮೊದಲಿನಿಂದಲೂ ಓಡಿಸಿದವಳು ನಾನೇ. ಯಜಮಾನರಿಗೆ ಡ್ರೈವಿಂಗ್ ಒಗ್ಗಲೇ ಇಲ್ಲ. ಅವರು ಹೋದ ಮೇಲೂ ಬಿಳಿಚೋಡಿನ ತಂಗಿಯನ್ನು ನೋಡಲು ತಿಂಗಳಿಗೊಮ್ಮೆ ಒಬ್ಬಳೇ ಹೋಗಿಬರುತ್ತಿದ್ದೆ. ಅಳು ಗಿಳು ಏನೂ ಬಂದಿರಲಿಲ್ಲ. ಸ್ಟಿಯರಿಂಗ್ ಹಿಡಿದಷ್ಟು ಹೊತ್ತು ನಾನಿನ್ನೂ ಇದ್ದೇನೆ ಅನ್ನಿಸುತ್ತಿತ್ತು, ದಟ್ಸ್ ಆಲ್.

ಈಚೆಗೆ ಅದರ ಫ್ಲ್ಯಾಷರ್ ಸುಟ್ಟುಹೋಯಿತು. ಇಂಡಿಕೇಟರ್ ದೀಪವನ್ನು ಮಿಣುಕಿಸುವ ತಗಡಿನ ಪುಟ್ಟ ಡಬ್ಬಿ ಅದು. ಟಕ್ ಟಕ್ ಅನ್ನುತ್ತಿತ್ತು. ಮೈದುನನ ಮಗ ಅದರ ಜಾಗಕ್ಕೆ ಎಲೆಕ್ಟ್ರಾನಿಕ್ ಒಂದನ್ನು ಹಾಕಿಸಿ, ಬಲ್ಬುಗಳನ್ನೂ ಎಲ್‌ಇಡಿ ಮಾಡಿಸಿದ. ಆಮೇಲೊಂದು ದಿನ ನಲ್ಲೂರಿನ ಹತ್ತಿರ ನನ್ನ ಬಲ ಇಂಡಿಕೇಟರ್ ಬಹಳ ದೂರದಿಂದ ಮಿಣುಕುತ್ತಲೇ ಇತ್ತಂತೆ. ನಮ್ಮ ಕಡೆ ಮುಂದಿನ ಗಾಡಿ ಹಾಗೆ ಹಾಕಿಕೊಂಡೇ ಹೋದರೆ ಹಿಂದಿನವನಿಗೆ ಮುಂದೆ ಹೋಗೆಂದು ಸೈಡ್ ಕೊಟ್ಟ ಹಾಗೆ. ಹಿಂದಿದ್ದ ಬಸ್ಸಿನವನು ಹಾಗೇ ತಿಳಿದು ಮುಂದೆ ನುಗ್ಗಿದ. ನಾನು ಆಗಲೇ ಪೆಟ್ರೋಲ್ ಬಂಕಿಗೆಂದು ಬಲಕ್ಕೆ ಹೊರಳಿಸಿದೆ. ಮಿರರ್ ಹೋಯಿತು. ಪೆಟ್ರೋಲ್ ಹಾಕಿಸಿಕೊಂಡೇ ಮನೆಗೆ ಬಂದೆ.

ಮೈದುನನ ಮಗ ಕೀ ಕೇಳಿದ. ತಪ್ಪೆಲ್ಲ ಆ ಸೈಲೆಂಟ್ ಫ್ಲ್ಯಾಷರ್‌ದು, ಇಂಡಿಕೇಟರ್ ಆರಿಸಿಲ್ಲವೆಂದು ಗೊತ್ತೇ ಆಗುವುದಿಲ್ಲ, ಸದ್ದು ಮಾಡುವುದು ಸಿಕ್ಕರೆ ನಾನೇ ಓಡಿಸುತ್ತೇನೆ, ಇಲ್ಲವಾದರೆ ಕೀ ನಿನಗೇ ಎಂದೆ. ಪ್ರಾಮಿಸ್ ಅಂದರೆ ಪ್ರಾಮಿಸ್. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದೇ ಅದು.

ಚನ್ನಗಿರಿಯ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ನಾನೇ ಓಡಿಸಿಕೊಂಡು ಹೋದೆ, ಅವನು ಪಕ್ಕದಲ್ಲಿ ಕೂತ. ಅಂಗಡಿಯವರು ಈಗಿನದನ್ನು ಬಿಚ್ಚುತ್ತಾ, "ಇದ್ರಾಗೂ ಸದ್ದು ಐತಲ್ರೀ ಅಮ್ಮಾ, ಸಣ್ಣಗೆ," ಅಂದರು. ನನಗೆ ಹಳೆಯದೇ ಬೇಕೆಂದೆ. ಅದು ಬಿಸಿಯಾಗಿ ಟಕ್ ಅನ್ನಬೇಕಾದರೆ ಹಳೆಯ ಬಲ್ಬೇ ಬೇಕು, ಎಲ್‌ಇಡಿಗೆ ಅದು ಮಿಣುಕುವುದೇ ಇಲ್ಲವಂತೆ. ಎಲ್ಲ ಬದಲಾಯಿಸಿ ಎಂದು ಹೇಳಿ ಸ್ಟೂಲಿನ ಮೇಲೆ ಕೂತೆ. ಯಾರೋ ಟೀ ಕೊಟ್ಟರು, ಕುಡಿದೆ.

ಕೆಲಸ ಮುಗಿದ ಮೇಲೆ ಸೀಟಿಗೆ ಹತ್ತಿ ಲಿವರ್ ಒತ್ತಿದೆ. ಡ್ಯಾಶ್‌ಬೋರ್ಡಿನ ಹಸಿರು ದೀಪ ಹತ್ತಿತು, ಆರಿತು. ಮೈದುನನ ಮಗ ಕಿಟಕಿಗೆ ಬಗ್ಗಿ ನಕ್ಕ. "ಗ್ವಾಡಿಗೆ ಮೊಳಿ ಹೊಡ್ದಂಗೈತಲ್ಲ ದೊಡ್ಡಮ್ಮಾ. ಇನ್ನು ಊರಿಗೆಲ್ಲ ಗೊತ್ತಾಕೈತೆ ನೀನು ತಿರುಗೋದು."

ಅವನ ಮಾತು ಅರ್ಧ ಕಿವಿಯಿಂದ, ಅರ್ಧ ಅವನ ತುಟಿಯಿಂದ ತಿಳಿಯಿತು. ದೀಪ ಹತ್ತಿ ಆರುತ್ತಲೇ ಇತ್ತು. ಅದರ ಹಿಂದೆ ಟಕ್ ಅನ್ನುವುದು ಏನೂ ಇರಲಿಲ್ಲ.

"ಕೇಳ್ತೈತೇನ್ರೀ ಅಮ್ಮಾ?" ಅಂಗಡಿಯವರು ಕೇಳಿದರು.

ಹೂಂ ಅನ್ನಬಹುದಿತ್ತು. ಸದ್ದು ಬರುತ್ತಿದೆಯೆಂದು ಇಬ್ಬರೂ ಆಗಲೇ ಒಪ್ಪಿಕೊಂಡಾಗಿತ್ತು.

"ಇಲ್ಲ," ಎಂದೆ.

ಆಟೋಗಳಿಗೆ ಹಾಕುವ ಬಜರ್ ಐತೆ, ಇದಕ್ಕಿಂತ ಜೋರು ಅಂದರು. ಬಸ್ಸಿನವನು ಹಾರ್ನ್ ಹೊಡೆಯಲೇ ಇಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಹೊಡೆದಿರಬೇಕು. ಬಜರ್ ಬೇಡ, ಇದೇ ಇರಲಿ, ಥ್ಯಾಂಕ್ ಯೂ ಎಂದೆ.

ಕೆಳಗಿಳಿದು ಮೈದುನನ ಮಗನಿಗೆ ಕೀ ಕೊಟ್ಟು, ಸುತ್ತು ಹಾಕಿ ಎಡಗಡೆ ಹೋಗಿ ಕೂತೆ. ಸೆಕೆ. ಆ ಬಾಗಿಲಿನ ಗಾಜು ಇಳಿಸಲು ಹಿಡಿಯನ್ನು ಯಾವ ಕಡೆ ತಿರುಗಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಅವನೇ ಬಗ್ಗಿ ಇಳಿಸಿಕೊಟ್ಟ.